ಹಳೇ ಜೀಪಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ್ರೆ ಪಿಕಪ್ ಹೆಚ್ಚುತ್ತಾ?

ಕೊಡಗಿನ ತೋಟದ ಮನೆಗಳಲ್ಲಿ ಹಳೇ ಪೆಟ್ರೋಲ್ ಜೀಪು ಮಾರೋ ಮನಸ್ಸು ಸುಲಭಕ್ಕೆ ಬರಲ್ಲ. ಮಹೀಂದ್ರದವರು 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸೋಕೆ ಶುರು ಮಾಡಿದ್ದು. ಆ ವಂಶದ 2,199 ಸಿಸಿ ಎಂಜಿನ್ ಇವತ್ತಿಗೂ ಕೆಲವು ಶೆಡ್ಡುಗಳಲ್ಲಿ ಉಸಿರಾಡ್ತಿದೆ. ಅಂಥ ಗಾಡಿ ಇರೋರು ಈಗ ಕೇಳೋ ಪ್ರಶ್ನೆ: ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಕಿಟ್ ಹಾಕಿಸಿದ್ರೆ ಶಕ್ತಿ ಜಾಸ್ತಿ ಆಗುತ್ತಾ?

ಮೊದಲು ಪಾಯಿಂಟ್ ಏನು ಮಾಡುತ್ತೆ ನೋಡೋಣ. ಅದು ಡಿಸ್ಟ್ರಿಬ್ಯೂಟರ್ ಒಳಗಿನ ಪುಟ್ಟ ಸ್ವಿಚ್. ಮುಚ್ಚಿದಾಗ ಕಾಯಿಲ್‌ಗೆ ಕರೆಂಟ್ ಹರಿಯುತ್ತೆ, ತೆರೆದ ಕ್ಷಣ ಕಾಯಿಲ್‌ನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ನಲ್ಲಿ ಕಿಡಿ ಹಾರುತ್ತೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದ್ರೆ ಸೆಕೆಂಡಿಗೆ 100 ಕಿಡಿ ಬೇಕು. ಅಷ್ಟು ಸಲ ತೆರೆದು ಮುಚ್ಚೋ ಲೋಹ ಸವೆಯದೆ ಇರುತ್ತಾ? ತುದಿಯಲ್ಲಿ ಗುಳಿ ಬೀಳುತ್ತೆ. ಕ್ಯಾಮ್‌ಗೆ ಉಜ್ಜೋ ಹಿಮ್ಮಡಿ ಸವೆದು ಗ್ಯಾಪ್ ಕಡಿಮೆಯಾಗುತ್ತೆ, ಕಿಡಿ ತಡವಾಗುತ್ತೆ. ಇದು ದಿನಕ್ಕಿಷ್ಟಿಷ್ಟೇ ನಡೆಯೋದ್ರಿಂದ ಓಡಿಸೋರಿಗೆ ಗೊತ್ತೇ ಆಗಲ್ಲ. "ಗಾಡಿಗೆ ವಯಸ್ಸಾಯ್ತು" ಅಂದ್ಕೋತಾರೆ.

ಕಿಟ್‌ನಲ್ಲಿ ಈ ಸ್ವಿಚ್ಚಿನ ಕೆಲಸವನ್ನು ಅಯಸ್ಕಾಂತ, ಸೆನ್ಸರ್, ಟ್ರಾನ್ಸಿಸ್ಟರ್ ಮಾಡುತ್ತವೆ. ಉಜ್ಜೋದು ಏನೂ ಇಲ್ಲ, ಹಾಗಾಗಿ ಒಮ್ಮೆ ಇಟ್ಟ ಟೈಮಿಂಗ್ ಕದಲೋದು ಕಡಿಮೆ. ಅಮೆರಿಕದ ಕ್ರೈಸ್ಲರ್ ಕಂಪನಿ 1970ರ ದಶಕದ ಆರಂಭದಲ್ಲೇ ಇದನ್ನು ತನ್ನ ಕಾರುಗಳಿಗೆ ಅಳವಡಿಸಿತ್ತು.

ಹಾಗಾದ್ರೆ ಶಕ್ತಿ? ಪಾಯಿಂಟ್, ಕಂಡೆನ್ಸರ್, ಟೈಮಿಂಗ್ ಸರಿಯಿರೋ ಎಂಜಿನ್‌ಗೆ ಕಿಟ್ ಹಾಕಿದ್ರೆ ಹೇಳಿಕೊಳ್ಳುವಷ್ಟು ಹೆಚ್ಚಲ್ಲ. ಪಾಯಿಂಟ್ ಸೋಲೋದು ರೇಸ್ ಎಂಜಿನ್‌ಗಳ ವೇಗದಲ್ಲಿ. ನಮ್ಮ ಜೀಪು ಆ ವೇಗಕ್ಕೆ ಹೋಗೋದೇ ಇಲ್ಲ. "ಕಿಟ್ ಹಾಕಿದ ದಿನವೇ ಪಿಕಪ್ ಬಂತು" ಅನ್ನೋರು ಸುಳ್ಳು ಹೇಳ್ತಿಲ್ಲ. ಸವೆದ ಪಾಯಿಂಟಿನಿಂದ ಕಳೆದುಹೋಗಿದ್ದು ವಾಪಸ್ ಬಂದಿರುತ್ತೆ. ಹೊಸ ಪಾಯಿಂಟ್ ಹಾಕಿ ಟೈಮಿಂಗ್ ಇಟ್ಟಿದ್ರೂ ಬರ್ತಿತ್ತು.

ಇನ್ನೊಂದು ಮಾತು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ. ಅಲ್ಲಿ ಗಾಳಿಯ ಸಾಂದ್ರತೆ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಕಡಿಮೆ, ಎಂಜಿನ್ ಶಕ್ತಿಯೂ ಅಷ್ಟೇ ಇಳಿಯುತ್ತೆ. ಸಂಪಾಜೆಯಿಂದ ಘಾಟಿ ಹತ್ತೋವಾಗ ಆ ಕೊರತೆಯನ್ನು ಯಾವ ಕಿಟ್ಟೂ ತುಂಬಿಕೊಡಲ್ಲ.

ಮಳೆಗಾಲದ ಕಥೆ ಬೇರೆ. ನಾಪೋಕ್ಲು ಕಡೆಯ ನನ್ನ ಮಾವನ ಜೀಪು ಜುಲೈನಲ್ಲಿ ಮುಷ್ಕರ ಹೂಡುತ್ತೆ. "ನೀನು ಎಂಜಿನಿಯರ್ ಅಲ್ವೇನೋ, ಕಿಟ್ ಹಾಕಿಸಿದ್ರೆ ಇದು ಸರಿಹೋಗುತ್ತಾ ಹೇಳು" ಅಂದ್ರು. ನಾನು ಮೊದಲು ನೋಡಿ ಅಂದಿದ್ದು ಡಿಸ್ಟ್ರಿಬ್ಯೂಟರ್ ಕ್ಯಾಪ್, ಪ್ಲಗ್ ವೈರ್. ತೇವ ಕೂತ್ರೆ ಕರೆಂಟ್ ಪ್ಲಗ್ ತಲುಪೋ ಮೊದಲೇ ಸೋರಿಹೋಗುತ್ತೆ. ಕಿಟ್ ಕೂರೋದೂ ಅದೇ ಕ್ಯಾಪ್ ಅಡಿಯಲ್ಲೇ. ಬಿರುಕು ಬಿಟ್ಟ ಕ್ಯಾಪ್ ಬದಲಿಸಿದ ಮೇಲೆ ಜೀಪು ಎದ್ದಿತು. ಆದ್ರೆ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪಾಯಿಂಟ್ ತುದಿಗೆ ಕಿಲುಬು ಹಿಡಿಯೋ ತೊಂದರೆ ಇದೆಯಲ್ಲ, ಅದು ಕಿಟ್‌ಗಿಲ್ಲ.

ಹಾಗಂತ ಕಣ್ಣುಮುಚ್ಚಿ ಹಾಕಿಸೋ ಹಾಗೂ ಇಲ್ಲ. ಪಾಯಿಂಟ್ ಕೈಕೊಟ್ರೆ ಎಮರಿ ಪೇಪರ್‌ನಲ್ಲಿ ಉಜ್ಜಿ ಮನೆ ಸೇರಬಹುದು. ಮಾಡ್ಯೂಲ್ ಸುಟ್ರೆ ತಳ್ಳೋದೇ ಗತಿ. ಬ್ಯಾಟರಿ ಸೋತಾಗ ಹ್ಯಾಂಡಲ್ ಹಾಕಿ ತಿರುಗಿಸಿದ್ರೆ ಪಾಯಿಂಟ್ ಜೀಪು ಎದ್ದೇಳಬಹುದು, ಮಾಡ್ಯೂಲ್ ಮಾತ್ರ ಇಂತಿಷ್ಟು ವೋಲ್ಟ್ ಕೇಳುತ್ತೆ. ಮೊಬೈಲ್ ಸಿಗ್ನಲ್ ಸಿಗದ ತೋಟದಿಂದ ರಾತ್ರಿ ಆಸ್ಪತ್ರೆಗೆ ಹೊರಡಬೇಕಾದ ಮನೆಗೆ ಇದು ಸಣ್ಣ ವಿಷಯ ಅಲ್ಲ.

ಹಾಕಿಸೋದೇ ಆದ್ರೆ ನಿಮ್ಮ ಗಾಡಿ 6 ವೋಲ್ಟೋ 12 ವೋಲ್ಟೋ, ಬ್ಯಾಟರಿಯ ಯಾವ ತುದಿ ಬಾಡಿಗೆ ಅರ್ತ್ ಆಗಿದೆ, ಕಿಟ್ ಯಾವ ಕಾಯಿಲ್ ಕೇಳುತ್ತೆ, ಇಷ್ಟನ್ನು ಮೇಸ್ತ್ರಿ ಹತ್ರ ಖಾತ್ರಿ ಮಾಡ್ಕೊಳ್ಳಿ. ಎಂಜಿನ್ ನಿಂತಿರುವಾಗ ಕೀ ಆನ್ ಇಟ್ಟು ಮರೀಬೇಡಿ, ಮಾಡ್ಯೂಲೋ ಕಾಯಿಲೋ ಸುಡಬಹುದು. ತೆಗೆದ ಪಾಯಿಂಟ್, ಕಂಡೆನ್ಸರ್ ಬಿಸಾಡದೆ, ಒಂದು ಸ್ಕ್ರೂಡ್ರೈವರ್ ಜೊತೆ ಗಾಡಿಯಲ್ಲೇ ಇಟ್ಟಿರಿ. ಪ್ಲಗ್, ವೈರ್, ಕ್ಯಾಪ್, ಟೈಮಿಂಗ್ ಸರಿಮಾಡಿಸಿದ ಮೇಲೂ ಪದೇ ಪದೇ ಗ್ಯಾಪ್ ಇಡೋದು ಬೇಸರ ಅನ್ನಿಸಿದ್ರೆ ಕಿಟ್ ಒಳ್ಳೇದೇ. ಪಿಕಪ್‌ಗಾಗಿ ಮಾತ್ರ ಅಂದ್ರೆ, ಆ ದುಡ್ಡಲ್ಲಿ ಮೊದಲು ಕಾರ್ಬ್ಯುರೇಟರ್ ಕ್ಲೀನ್ ಮಾಡಿಸಿ.