ತೋಟದ ದಾರಿಯ ಪಿಕಪ್ಪಿಗೆ ಎಂಥ ಶಾಕ್ ಅಬ್ಸಾರ್ಬರ್?

ಚಿಂತಾಮಣಿಯ ಮಂಡಿಯಲ್ಲಿ ಟೊಮೆಟೊ ಕ್ರೇಟುಗಳನ್ನು ಇಳಿಸುವಾಗ ಸ್ವಲ್ಪ ಹೊತ್ತು ನಿಂತು ನೋಡಿ. ಒಂದೇ ಊರಿನ, ಒಂದೇ ದಿನ ಕಿತ್ತ ಹಣ್ಣು ಎರಡು ಪಿಕಪ್ಪುಗಳಲ್ಲಿ ಬಂದಿರುತ್ತದೆ. ಒಂದರ ಕ್ರೇಟುಗಳು ಒಣಗಿರುತ್ತವೆ. ಇನ್ನೊಂದರ ತಳದಿಂದ ರಸ ತೊಟ್ಟಿಕ್ಕುತ್ತಿರುತ್ತದೆ. ಕೊಳ್ಳುವವನು ಕಾರಣ ಕೇಳುವುದಿಲ್ಲ. ದರ ಇಳಿಸಿ ಮುಂದಕ್ಕೆ ಹೋಗುತ್ತಾನೆ. ಹಣ್ಣು ಕೆಡುವುದು ಹೆಚ್ಚಾಗಿ ಡಾಂಬರು ರಸ್ತೆಯಲ್ಲಲ್ಲ. ತೋಟದಿಂದ ರಸ್ತೆಗೆ ಸೇರುವ ಎರಡು ಮೂರು ಕಿಲೋಮೀಟರಿನ ಗರಸು ದಾರಿಯಲ್ಲಿ, ಕೆರೆ ಏರಿಯ ಮೇಲೆ, ಹಳ್ಳ ದಾಟುವಲ್ಲಿ ಅದು ಕೆಡುತ್ತದೆ.

ಹೀಗೆ ಪೆಟ್ಟು ತಿಂದ ರೈತರು ಈಗ ಕೇಳುವ ಪ್ರಶ್ನೆ ಒಂದೇ: ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಶಾಕ್ ಅಬ್ಸಾರ್ಬರ್ ಹಾಕಿಸುವುದೋ, ಅಥವಾ ಕಾಡುಮೇಡಿನ ಜೀಪುಗಳಿಗೆಂದು ಬರುವ ಪರದೇಶದ ದುಬಾರಿ ಜೋಡಿಯನ್ನು ತರಿಸುವುದೋ? ಬೆಂಗಳೂರಿನಲ್ಲಿ ಓದುವ ಮಗ ದುಬಾರಿಯದನ್ನೇ ಹೇಳುತ್ತಾನೆ. ಗ್ಯಾರೇಜಿನ ಮೇಸ್ತ್ರಿ ಕೈಗೆ ಸಿಕ್ಕಿದ್ದನ್ನು ಹೇಳುತ್ತಾನೆ. ಬೆಲೆಯಲ್ಲಿ ಹಲವು ಪಟ್ಟು ಅಂತರ. ಸಾಲದ ಹಣದಲ್ಲಿ ಇದನ್ನು ತೀರ್ಮಾನಿಸುವ ಮೊದಲು, ಗ್ಯಾರೇಜಿನ ಬಾಯಲ್ಲಿ ‘ಶಾಕಪ್’ ಆಗಿರುವ ಈ ವಸ್ತು ಮಾಡುವ ಕೆಲಸವೇನೆಂದು ತಿಳಿದುಕೊಳ್ಳಿ.

ಗಾಲಿ ಗುಂಡಿಗೆ ಬಿದ್ದಾಗ ಹೊಡೆತವನ್ನು ನುಂಗುವುದು ಕಮಾನು ಪಟ್ಟಿ. ಆದರೆ ಕಮಾನು ನುಂಗಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಮರುಕ್ಷಣವೇ ಹಿಂದಕ್ಕೆ ಒದೆಯುತ್ತದೆ. ಮತ್ತೆ ಕುಗ್ಗುತ್ತದೆ, ಮತ್ತೆ ಒದೆಯುತ್ತದೆ. ಈ ಕುಣಿತವನ್ನು ನಿಲ್ಲಿಸುವುದಷ್ಟೇ ಶಾಕ್ ಅಬ್ಸಾರ್ಬರಿನ ಕೆಲಸ. ಕೊಳವೆಯೊಳಗೆ ಎಣ್ಣೆ, ಎಣ್ಣೆಯಲ್ಲಿ ಆಡುವ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ರಂಧ್ರಗಳು. ನೀರು ತುಂಬಿದ ಪಿಚಕಾರಿಯನ್ನು ನೆನೆಸಿಕೊಳ್ಳಿ: ನಿಧಾನವಾಗಿ ಒತ್ತಿದರೆ ಸುಲಭವಾಗಿ ಹೋಗುತ್ತದೆ, ಜೋರಾಗಿ ಒತ್ತಿದರೆ ಕೈಗೆ ಎದುರು ನಿಲ್ಲುತ್ತದೆ. ಇಲ್ಲಿಯೂ ಹಾಗೆಯೇ. ಎಣ್ಣೆ ಆ ರಂಧ್ರಗಳಲ್ಲಿ ನುಸುಳುವಾಗ ಕುಣಿತದ ಶಕ್ತಿಯೆಲ್ಲ ಶಾಖವಾಗಿ ಕೊಳವೆಯ ಮೈಯಿಂದ ಗಾಳಿಗೆ ಹೋಗುತ್ತದೆ.

ಇದರಿಂದ ತಿಳಿಯುವ ಮುಖ್ಯ ವಿಷಯವೆಂದರೆ, ನಿಂತ ವಾಹನದ ಹೊರೆಯನ್ನು ಶಾಕ್ ಅಬ್ಸಾರ್ಬರ್ ಹೊರುವುದೇ ಇಲ್ಲ ಎನ್ನಬಹುದು. ಹೊರುವುದು ಕಮಾನು. ‘ಗಟ್ಟಿ ಶಾಕಪ್ ಹಾಕಿಸಿದ್ದೇನೆ, ಇನ್ನು ಇಪ್ಪತ್ತು ಕ್ರೇಟು ಹೆಚ್ಚಿಗೆ ಏರಿಸಬಹುದು’ ಎಂದು ಹೇಳುವವರನ್ನು ನಮ್ಮ ಕಡೆ ಬೇಕಾದಷ್ಟು ಕಾಣುತ್ತೇವೆ. ಇದು ಶುದ್ಧ ತಪ್ಪು ತಿಳಿವಳಿಕೆ. 15 ಕಿಲೋ ತೂಕದ 100 ಕ್ರೇಟು ಎಂದರೆ 1,500 ಕಿಲೋ. ಖಾಲಿ ಕ್ರೇಟುಗಳ ತೂಕ ಬೇರೆ. ನಿಮ್ಮ ವಾಹನದ ನೋಂದಣಿ ಪುಸ್ತಕದಲ್ಲಿ ಬರೆದ ತೂಕ ಅದಕ್ಕಿಂತ ಕಡಿಮೆಯಿದ್ದರೆ ಯಾವ ದೇಶದ ಶಾಕ್ ಅಬ್ಸಾರ್ಬರೂ ಅದನ್ನು ಹೆಚ್ಚಿಸಲಾರದು. ಪಟ್ಟಿ ಮುರಿದಿದ್ದರೆ, ಸೆಂಟರ್ ಬೋಲ್ಟ್ ಸವೆದಿದ್ದರೆ, ಯು ಬೋಲ್ಟ್ ಸಡಿಲವಾಗಿದ್ದರೆ ಮೊದಲು ಅಲ್ಲಿ ಹಣ ಹಾಕಿ.

ಮೂರು ಬಗೆ, ಎರಡಲ್ಲ

ಅಗ್ಗದ್ದು, ದುಬಾರಿಯದ್ದು ಎಂದು ಎರಡೇ ಬಗೆ ಮಾಡುವುದರಿಂದಲೇ ಅರ್ಧ ಗೊಂದಲ. ಮೊದಲನೆಯದು ವಾಹನ ತಯಾರಕರು ತಾವೇ ಹಾಕುವಂಥ, ಒಳಗೊಂದು ಹೊರಗೊಂದು ಕೊಳವೆಯಿರುವ ಸಾಮಾನ್ಯ ಮಾದರಿ. ನಮ್ಮ ದೇಶದಲ್ಲಿ 1961ರಲ್ಲಿ ಆರಂಭವಾದ ಗೇಬ್ರಿಯಲ್ ಇಂಡಿಯಾದಂಥ ಕಂಪನಿಗಳು ಇವನ್ನು ತಯಾರಿಸುತ್ತವೆ. ಎರಡನೆಯದು ಆಸ್ಟ್ರೇಲಿಯಾದ ಓಲ್ಡ್ ಮ್ಯಾನ್ ಈಮು, ಜರ್ಮನಿಯ ಬಿಲ್‌ಸ್ಟೈನ್ ಮುಂತಾದ ಹೆಸರಿನ ದುಬಾರಿ ಮಾಲು. ಮೂರನೆಯದಕ್ಕೆ ಹೆಸರಿಲ್ಲ, ಅಥವಾ ಕದ್ದ ಹೆಸರಿದೆ: ನಕಲಿ ಡಬ್ಬಿಯ ಸರಕು, ಮತ್ತು ಹಳೆಯದನ್ನು ತೊಳೆದು, ಎಣ್ಣೆ ತುಂಬಿ, ಕಪ್ಪು ಬಣ್ಣ ಬಳಿದು ಮಾರುವ ‘ರಿಪೇರಿ’ ಸರಕು. ನಿಜವಾಗಿ ದೂರವಿಡಬೇಕಾದ ಅಗ್ಗ ಇದೊಂದೇ. ಕೆಲವೇ ತಿಂಗಳಲ್ಲಿ ಸೀಲು ಹರಿದು ಎಣ್ಣೆ ಸೋರುತ್ತದೆ. ಬಿಲ್ಲು ಕೊಡದ ಅಂಗಡಿಯಲ್ಲಿ ಶಾಕ್ ಅಬ್ಸಾರ್ಬರ್ ಕೊಳ್ಳಬೇಡಿ.

ಸಾಮಾನ್ಯ ಮಾದರಿಯ ದೌರ್ಬಲ್ಯ ಶಾಖ. ಕಲ್ಲಿನ ದಾರಿಯಲ್ಲಿ ಬಹಳ ಹೊತ್ತು ವೇಗವಾಗಿ ಓಡಿಸಿದರೆ ಒಳಗಿನ ಎಣ್ಣೆಗೆ ಗಾಳಿ ಬೆರೆತು ನೊರೆಯೇಳುತ್ತದೆ. ನೊರೆಗೆ ತಡೆಯುವ ಶಕ್ತಿ ಇಲ್ಲ, ವಾಹನ ತೇಲಾಡತೊಡಗುತ್ತದೆ. ತಣ್ಣಗಾದರೆ ಮತ್ತೆ ಸರಿಹೋಗುತ್ತದೆ. ನೈಟ್ರೋಜನ್ ಅನಿಲ ತುಂಬಿದ ಮಾದರಿಗಳಲ್ಲಿ ಒತ್ತಡವಿರುವುದರಿಂದ ನೊರೆ ಕಡಿಮೆ. ದುಬಾರಿಯ ಪೈಕಿ ಒಂದೇ ಕೊಳವೆಯ ಮಾದರಿಗಳಲ್ಲಿ ಅನಿಲ ಮತ್ತು ಎಣ್ಣೆಯ ನಡುವೆ ತಡೆಯೇ ಇರುತ್ತದೆ; ಎಣ್ಣೆಯಿರುವ ಕೊಳವೆಗೇ ಗಾಳಿ ತಗಲುವುದರಿಂದ ಬೇಗ ತಣಿಯುತ್ತದೆ. ದಿನವಿಡೀ ಒರಟು ದಾರಿಯಲ್ಲೇ ದುಡಿಯುವ ವಾಹನಕ್ಕೆ ಇದು ದೊಡ್ಡ ಗುಣವೇ ಸರಿ.

ಆದರೆ ಆ ಗುಣದ ಜೊತೆಗೇ ಒಂದು ದೋಷವಿದೆ, ಮಾರುವವರು ಅದನ್ನು ಹೇಳುವುದಿಲ್ಲ. ಒಂದೇ ಕೊಳವೆಯಲ್ಲಿ ಪಿಸ್ಟನ್ ಹೊರಗೋಡೆಗೇ ಉಜ್ಜಿ ಓಡಾಡುತ್ತದೆ. ಗಾಲಿಯಿಂದ ಸಿಡಿದ ಕಲ್ಲು ಬಡಿದು ಮೈ ನೆಗ್ಗಿತೆಂದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಜೋಡಿ ಹಾಳು. ಎರಡು ಕೊಳವೆಯ ಸಾಮಾನ್ಯ ಮಾದರಿಯಲ್ಲಿ ಹೊರಮೈ ನೆಗ್ಗಿದರೂ ಒಳಗಿನದು ಕೆಲಸ ಮಾಡುತ್ತಿರುತ್ತದೆ. ನಮ್ಮ ಬಂಡೆ ನೆಲದ ದಾರಿಗಳಲ್ಲಿ ಇದು ಸಣ್ಣ ಮಾತಲ್ಲ. ದುಬಾರಿಯ ಕೆಲವನ್ನು ಬಿಚ್ಚಿ ಸೀಲು ಬದಲಾಯಿಸಬಹುದು, ನಿಜ. ಆದರೆ ಅದನ್ನು ಮಾಡುವ ಕೈ ಮತ್ತು ಬಿಡಿಭಾಗ ಬೆಂಗಳೂರಿನಲ್ಲಿವೆ. ಸುಗ್ಗಿಯ ನಡುವೆ ವಾಹನ ಎಷ್ಟು ದಿನ ನಿಂತೀತು ಎಂಬುದನ್ನೂ ಬೆಲೆಗೆ ಸೇರಿಸಿ.

ನಿಮ್ಮ ಹೊರೆ ಯಾವುದು?

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ನಾಲ್ಕನ್ನೂ ರಾಷ್ಟ್ರೀಯ ಹೆದ್ದಾರಿ 69 ಒಂದೇ ದಾರದಲ್ಲಿ ಪೋಣಿಸಿದೆ. ದಾರಿ ಒಂದೇ ಆದರೂ ಹೊರೆ ಬೇರೆ ಬೇರೆ.

ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ತರುವವರು ವಿಶೇಷವಾಗಿ ಗಮನಿಸಬೇಕು. ಗೂಡಿನೊಳಗೆ ಕೋಶ ಜೀವಂತವಾಗಿರುತ್ತದೆ. ಏಟು ತಿಂದು ಅದು ಒಡೆದರೆ ರಸ ಒಳಪದರಕ್ಕೆ ಹತ್ತಿ ಕಲೆಯಾಗುತ್ತದೆ, ನೂಲು ಬಿಚ್ಚಾಣಿಕೆದಾರರು ಅದನ್ನು ಕಂಡೊಡನೆ ಹಿಂದೆ ಸರಿಯುತ್ತಾರೆ. ಗೂಡು ಹಗುರ ಸರಕು. ಟನ್ನುಗಟ್ಟಲೆ ಹೊರಲೆಂದು ಮಾಡಿದ ಕಮಾನಿನ ಮೇಲೆ ಒಂದೆರಡು ಕ್ವಿಂಟಾಲ್ ಇಟ್ಟರೆ ಕಮಾನು ಬಾಗುವುದೇ ಇಲ್ಲ. ಪ್ರತಿ ಕಲ್ಲೂ ನೇರವಾಗಿ ಗೂಡಿಗೆ ಮುಟ್ಟುತ್ತದೆ. ಇಂಥ ವಾಹನಕ್ಕೆ ಗಡುಸಾದ ದುಬಾರಿ ಶಾಕ್ ಅಬ್ಸಾರ್ಬರ್ ಹಾಕಿಸಿದರೆ ಹಣ ಕೊಟ್ಟು ಏಟು ಕೊಂಡಂತೆ. ಸಾಮಾನ್ಯ ಮಾದರಿಯೇ ಇರಲಿ. ಟೈರಿನ ಗಾಳಿಯನ್ನು ಹಗುರ ಹೊರೆಗೆ ತಯಾರಕರು ಹೇಳಿದ ಮಟ್ಟಕ್ಕೆ ಇಳಿಸಿ, ಗೂಡನ್ನು ಒತ್ತಿ ತುಂಬದೆ ಹಿಂದಿನ ಅಚ್ಚಿಗಿಂತ ಮುಂದಕ್ಕೆ ಇಡಿ. ಅಚ್ಚಿನಿಂದಾಚೆ ಬಾಲದ ಕಡೆ ಇಟ್ಟ ಸರಕೇ ಹೆಚ್ಚು ಕುಣಿಯುವುದು. ಇದು ಟೊಮೆಟೊಗೂ ಸಲ್ಲುತ್ತದೆ. ಕೈತುಂಬ ಹಣ್ಣಾದುದನ್ನು ಹಿಂದಕ್ಕೆ ಇಡಬೇಡಿ.

ಚಿಕ್ಕಬಳ್ಳಾಪುರದಿಂದ ದ್ರಾಕ್ಷಿ, ಹೂವು ತುಂಬಿಕೊಂಡು ಬೆಂಗಳೂರಿಗೆ ಹೋಗುವವರ ದಾರಿಯ ಬಹುಪಾಲು ನುಣುಪಾದ ಹೆದ್ದಾರಿ. ಅವರಿಗೆ ದುಬಾರಿಯ ಮಾತೇ ಬೇಡ. ಗೌರಿಬಿದನೂರಿನ ಗುಡ್ಡದ ಕಡೆ ಹಳೆಯ ಜೀಪನ್ನು ಬಾಡಿಗೆಗೆ ದಿನಕ್ಕೆ ಆರೇಳು ಗಂಟೆ ಕಲ್ಲಿನಲ್ಲೇ ಓಡಿಸುವ ಯುವಕನೊಬ್ಬ ಇದ್ದರೆ, ಅವನು ದುಬಾರಿಯದನ್ನು ಯೋಚಿಸಬಹುದು. ಆಗಲೂ ಉದ್ದವನ್ನು ಅಳೆದೇ ತರಿಸಬೇಕು. ಪೂರ್ತಿ ಚಾಚಿದಾಗ, ಪೂರ್ತಿ ಮಡಿಸಿದಾಗ ಎರಡೂ ಅಳತೆ ಬೇಕು. ಗಿಡ್ಡವಾದರೆ ಗಾಲಿ ಇಳಿದಾಗ ಕಿತ್ತುಕೊಳ್ಳುತ್ತದೆ. ಉದ್ದವಾದರೆ ಕಮಾನಿಗಿಂತ ಮೊದಲೇ ತಳ ಮುಟ್ಟಿ ಬಾಗುತ್ತದೆ. ನಾನೇ ಒಮ್ಮೆ ಅಂಗಡಿಯವನ ಮಾತು ನಂಬಿ ಅಳೆಯದೆ ಹಾಕಿಸಿ, ಮೊದಲ ಹಳ್ಳದಲ್ಲೇ ಮೇಲಿನ ಬ್ರಾಕೆಟ್ಟನ್ನು ಸೀಳಿಕೊಂಡಿದ್ದೇನೆ.

ಇನ್ನು ಲೆಕ್ಕ. ಬೆಲೆ ಐದು ಪಟ್ಟಾದರೆ ಐದು ಪಟ್ಟು ಕಿಲೋಮೀಟರ್ ಓಡಬೇಕು, ಇಲ್ಲವೇ ಉಳಿದ ಸರಕಿನಲ್ಲಿ ಅಂತರ ಹುಟ್ಟಬೇಕು. ಹೊಸ ಶಾಕ್ ಅಬ್ಸಾರ್ಬರಿನಿಂದ ಪ್ರತಿ ಸಲ ಎರಡು ಕ್ರೇಟು ಉಳಿಯಿತೆನ್ನಿ. 20 ಸಲ ಮಂಡಿಗೆ ಹೋದರೆ 40 ಕ್ರೇಟು. ಆದರೆ ಈ 40 ಉಳಿದದ್ದು ಸತ್ತದ್ದನ್ನು ತೆಗೆದು ಜೀವವಿರುವುದನ್ನು ಹಾಕಿದ್ದರಿಂದ. ಅದರಲ್ಲಿ ದುಬಾರಿಯ ಪಾಲೆಷ್ಟು, ಹೊಸತನದ ಪಾಲೆಷ್ಟು ಎಂದು ಕೇಳಿಕೊಳ್ಳಿ. ಸರಿಯಾದ ಕಾಲಕ್ಕೆ ಬದಲಾಯಿಸಿದ ಸಾಮಾನ್ಯ ಜೋಡಿಯೂ ಬಹುಪಾಲು ಅಷ್ಟನ್ನೇ ಉಳಿಸಿಕೊಡುತ್ತದೆ. ನಮ್ಮ ನಾಲ್ಕು ತಾಲ್ಲೂಕುಗಳ ಹೆಚ್ಚಿನ ಪಿಕಪ್ಪುಗಳಿಗೆ ಬೇಕಾಗಿರುವುದು ಇದೇ. ತೊಂದರೆ ಏನೆಂದರೆ, ನಾವು ಅದು ಸತ್ತು ವರ್ಷವಾದರೂ ಬದಲಾಯಿಸುವುದಿಲ್ಲ. ಸತ್ತ ಶಾಕ್ ಅಬ್ಸಾರ್ಬರಿನ ಗಾಲಿ ನೆಲ ಬಿಟ್ಟು ಪುಟಿಯುತ್ತದೆ, ಬ್ರೇಕು ಹಿಡಿದರೂ ವಾಹನ ಮುಂದೆ ಹೋಗಿ ನಿಲ್ಲುತ್ತದೆ. ಹೊರೆ ತುಂಬಿದ ಗಾಡಿ ತಿರುವಿನಲ್ಲಿ ವಾಲಿದಾಗ ಹೋಗುವುದು ಹಣ್ಣು ಮಾತ್ರವಲ್ಲ.

ಸತ್ತಿದೆಯೇ ಎಂದು ನೀವೇ ನೋಡಬಹುದು. ಮೈಮೇಲೆ ಎಣ್ಣೆ ಹರಿದು ಧೂಳು ಮೆತ್ತಿದೆಯೇ? ಟೈರು ಅಲ್ಲಲ್ಲಿ ಹೊಂಡ ಹೊಂಡವಾಗಿ ಸವೆದಿದೆಯೇ? ಹತ್ತು ಕಿಲೋಮೀಟರ್ ಒರಟು ದಾರಿಯಲ್ಲಿ ಓಡಿಸಿ ಬಂದು ನಾಲ್ಕರ ಮೈಯನ್ನೂ ಎಚ್ಚರಿಕೆಯಿಂದ ಬೆರಳ ತುದಿಯಲ್ಲಿ ಮುಟ್ಟಿ. ದುಡಿದದ್ದು ಬೆಚ್ಚಗಿರುತ್ತದೆ, ಸತ್ತದ್ದು ತಣ್ಣಗಿರುತ್ತದೆ. ಬದಲಾಯಿಸುವಾಗ ಎಡ ಬಲ ಎರಡನ್ನೂ ಒಟ್ಟಿಗೆ ಬದಲಾಯಿಸಿ, ರಬ್ಬರ್ ಬುಷ್‌ಗಳನ್ನೂ ಹೊಸದಾಗಿ ಹಾಕಿಸಿ. ಅಂಗಡಿಯಲ್ಲಿ ಮಲಗಿಸಿಟ್ಟ ಎರಡು ಕೊಳವೆಯ ಮಾಲಾದರೆ, ಕೂರಿಸುವ ಮೊದಲು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಎಳೆದು ಒತ್ತಲು ಮೇಸ್ತ್ರಿಗೆ ಹೇಳಿ. ಒಳಗೆ ಸಿಕ್ಕ ಗಾಳಿ ಹೊರಟುಹೋಗುತ್ತದೆ.