ಜಲಜನಕದ ತೊಟ್ಟಿಗೂ ಬೇಕು ಕಲಾಯಿ

ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿಸಾರು ಮಾಡಿಟ್ಟರೆ ಏನಾಗುತ್ತದೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾರಿಗೆ ಕಿಲುಬು ಹತ್ತುತ್ತದೆ. ಇಂಥದೇ ಒಂದು ತೆಳು ಲೇಪದ ಮೇಲೆ ನಾಳೆ ನಿಮ್ಮ ಗೊಬ್ಬರದ ಬೆಲೆಯೂ ನಿಂತೀತು ಎಂದರೆ ನಂಬುವಿರಾ?

ಯೂರಿಯಾ ಆಗಲಿ, ಡಿ.ಎ.ಪಿ. ಆಗಲಿ, ಅದರ ಸಾರಜನಕ ಬರುವುದು ಅಮೋನಿಯಾದಿಂದ. ಅಮೋನಿಯಾಕ್ಕೆ ಜಲಜನಕ ಬೇಕು. ನಮ್ಮಲ್ಲಿ ಅದನ್ನು ಬಹುಪಾಲು ನೈಸರ್ಗಿಕ ಅನಿಲದಿಂದ ತೆಗೆಯುತ್ತಾರೆ. ಆ ಅನಿಲದ ದೊಡ್ಡ ಪಾಲು ಹೊರದೇಶದ್ದು. ನೀರನ್ನು ವಿದ್ಯುತ್ತಿನಿಂದ ಒಡೆದೂ ಜಲಜನಕ ಪಡೆಯಬಹುದು. ಇದು ಹೊಸ ಮಾತಲ್ಲ: ಪಂಜಾಬಿನ ನಂಗಲ್‌ನಲ್ಲಿ 1961ರಲ್ಲಿ ಆರಂಭವಾದ ಗೊಬ್ಬರ ಕಾರ್ಖಾನೆ ಭಾಕ್ರಾ ಅಣೆಕಟ್ಟಿನ ವಿದ್ಯುತ್ತಿನಿಂದ ಹೀಗೆಯೇ ಮಾಡುತ್ತಿತ್ತು. ಕೇಂದ್ರ ಸರ್ಕಾರ 2023ರಲ್ಲಿ ಒಪ್ಪಿದ ಹಸಿರು ಜಲಜನಕ ಯೋಜನೆ 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ನಿನ ಗುರಿ ಇಟ್ಟುಕೊಂಡಿದೆ.

ತೊಡಕಿರುವುದು ತೊಟ್ಟಿಯೊಳಗೆ. ಬರಿ ನೀರಿನಲ್ಲಿ ವಿದ್ಯುತ್ತು ಸರಾಗವಾಗಿ ಹರಿಯದು. ಆದ್ದರಿಂದ ಹಳೆಯ ಪದ್ಧತಿಯಲ್ಲಿ ನೂರಕ್ಕೆ 25-30 ಪಾಲು ಕಾಸ್ಟಿಕ್ ಪೊಟ್ಯಾಷ್ ಬೆರೆಸಿ, 70-80 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ನಡೆಸುತ್ತಾರೆ. ಧನ ಧ್ರುವದ ತಗಡಿನ ಬಳಿ ಆಮ್ಲಜನಕ ಗುಳ್ಳೆಗುಳ್ಳೆಯಾಗಿ ಏಳುತ್ತದೆ. ಬರಿ ಉಕ್ಕು ಅಲ್ಲಿ ಬಹುಕಾಲ ಬಾಳದು. ಅದಕ್ಕೇ ಉಕ್ಕಿನ ಮೇಲೆ ನಿಕ್ಕಲ್ ಲೇಪ.

ನಮ್ಮ ಬಾವಿಯ ಜಿ.ಐ. ಪೈಪಿಗಿರುವ ಸತುವನ್ನೇ ಬಳಿಯಬಾರದೇ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಸತುವು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಪೈಪಿಗೆ ಗೀರು ಬಿದ್ದರೂ ಸುತ್ತಲಿನ ಸತುವು ಕಾಯುತ್ತದೆ. ಆದರೆ ಬಿಸಿ ಕಾಸ್ಟಿಕ್ಕಿನಲ್ಲಿ ಸತುವೇ ಕರಗಿಹೋಗುತ್ತದೆ. ನಿಕ್ಕಲ್ ತಡೆದುಕೊಳ್ಳುತ್ತದೆ, ಗೀರು ಬಿದ್ದ ಜಾಗವನ್ನು ಮಾತ್ರ ಕಾಯದು. ಸೂಜಿಮೊನೆಯಷ್ಟು ತೂತಿದ್ದರೂ ಸಾಕು, ದ್ರಾವಣ ಒಳಗಿಳಿದು ಉಕ್ಕನ್ನು ತಿನ್ನುತ್ತದೆ, ಲೇಪ ಬೊಬ್ಬೆಯಂತೆ ಮೇಲೇಳುತ್ತದೆ.

ಇನ್ನೊಂದು ಪದ್ಧತಿಯಲ್ಲಿ ಕಾಸ್ಟಿಕ್ ಇಲ್ಲ. ಶುದ್ಧ ನೀರು, ನಡುವೆ ಆಮ್ಲಗುಣದ ಪೊರೆ. ಅಲ್ಲಿ ಸ್ಟೇನ್‌ಲೆಸ್ ಉಕ್ಕೂ ಕರಗಿ, ಅದರ ಕಬ್ಬಿಣ ಪೊರೆಯನ್ನು ಕೆಡಿಸುತ್ತದೆ. ಟೈಟಾನಿಯಂ ತಡೆಯುತ್ತದೆ, ಆದರೆ ಅದರ ಮೈಮೇಲೆ ತಾನಾಗಿ ಕಟ್ಟುವ ಪದರ ವಿದ್ಯುತ್ತಿಗೆ ಅಡ್ಡ. ಆದ್ದರಿಂದ ಪ್ಲಾಟಿನಂ ಲೇಪ. ಒಡವೆ ಅಂಗಡಿಯ ಲೋಹ! ಅಗ್ಗದ ಉಕ್ಕಿಗೆ ಟೈಟಾನಿಯಂ, ನಿಯೋಬಿಯಂ ಬಳಿದು ಖರ್ಚು ಇಳಿಸುವ ಪ್ರಯೋಗಗಳು ನಡೆದಿವೆ.

ಮತ್ತೊಂದು ಕಷ್ಟ ನಿಮಗೆ ಬಲು ಪರಿಚಿತ: ಕರೆಂಟು ಹೋಗಿ ಬರುವುದು. ನಂಗಲ್‌ಗೆ ಅಣೆಕಟ್ಟಿನ ಆಸರೆಯಿತ್ತು. ಬಿಸಿಲಿನ ವಿದ್ಯುತ್ತು ಮೋಡ ಕವಿದರೆ ಇಳಿಯುತ್ತದೆ, ಸಂಜೆಗೆ ನಿಲ್ಲುತ್ತದೆ. ಕಾಸ್ಟಿಕ್ ತೊಟ್ಟಿಗಳು ನಿಂತಾಗಲೆಲ್ಲ ಒಳಗೆ ಸ್ವಲ್ಪ ಹೊತ್ತು ವಿದ್ಯುತ್ತು ಹಿಮ್ಮುಖವಾಗಿ ಹರಿದು ತಗಡಿನ ಲೇಪವನ್ನು ಸವೆಸುತ್ತದೆ. ಇದನ್ನು ತಪ್ಪಿಸಲು ಕೆಲವೆಡೆ, ಜಲಜನಕ ಬೇಡವಾದ ಹೊತ್ತಿನಲ್ಲೂ, ಒಂದಿಷ್ಟು ವಿದ್ಯುತ್ತನ್ನು ಹರಿಸುತ್ತಲೇ ಇರುತ್ತಾರೆ.