ನಿಮ್ಮ ಉಸಿರೇ ಹೇಳುತ್ತೆ ಉಬ್ಬಸದ ಗುಟ್ಟು

“ಈಗ ಚೆನ್ನಾಗೇ ಇದೀನಲ್ಲ, ಇನ್ನು ಯಾಕೆ ಆ ಪಂಪು?” ಆಸ್ತಮಾ ಇರುವ ಬಹಳಷ್ಟು ಗೃಹಿಣಿಯರ ಬಾಯಲ್ಲಿ ಬರುವ ಮಾತಿದು. ಗೌರಿ ಹಬ್ಬಕ್ಕೆಂದು ಮನೆ ಧೂಳು ಹೊಡೆದಾಗ ಉಬ್ಬಸ ಬಂತು, ಡಾಕ್ಟರು ಇನ್‌ಹೇಲರ್ ಬರೆದುಕೊಟ್ಟರು, ಹದಿನೈದು ದಿನದಲ್ಲಿ ಆರಾಮಾಯ್ತು. ಅಲ್ಲಿಗೆ ಇನ್‌ಹೇಲರ್ ಬೀರು ಸೇರಿತು! ದೀಪಾವಳಿಯ ಪಟಾಕಿ ಹೊಗೆಗೋ, ಒಗ್ಗರಣೆಯ ಘಾಟಿಗೋ ಮತ್ತೆ ಎದೆ ಬಿಗಿದಾಗಲೇ ಅದರ ನೆನಪು.

ಉಬ್ಬಸ ನಿಂತಿತು ಅಂದಮಾತ್ರಕ್ಕೆ ಆಸ್ತಮಾ ಹೋಯಿತು ಎಂದಲ್ಲ. ಶ್ವಾಸನಾಳದ ಒಳಗೆ ಊತ ಹಾಗೇ ಉಳಿದಿರಬಹುದು, ಬೂದಿ ಮುಚ್ಚಿದ ಕೆಂಡದ ಹಾಗೆ. ಆ ಕೆಂಡ ಆರಿದೆಯೋ ಇಲ್ಲವೋ ಎಂದು ತಿಳಿಯಲು ವೈದ್ಯರಿಗೆ ನೆರವಾಗುವ ಸರಳ ಪರೀಕ್ಷೆಯೊಂದಿದೆ. ಅದೇ ಉಸಿರಿನ ಪರೀಕ್ಷೆ, ಅಂದರೆ ‘ಫೀನೋ’ ಟೆಸ್ಟ್.

ಏನಿದು ಫೀನೋ?

ನಾವು ಹೊರಬಿಡುವ ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ತೀರಾ ಅಲ್ಪ ಪ್ರಮಾಣದಲ್ಲಿರುತ್ತದೆ. 1991ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇದನ್ನು ಪತ್ತೆ ಮಾಡಿದರು. ಆಸ್ತಮಾ ಇರುವವರ ಉಸಿರಿನಲ್ಲಿ ಇದು ಹೆಚ್ಚಿರುತ್ತದೆ ಎಂಬುದು 1993ರಲ್ಲಿ ತಿಳಿಯಿತು. ಅಲರ್ಜಿಯಿಂದ ಶ್ವಾಸನಾಳ ಊದಿಕೊಂಡಾಗ ಅದರ ಒಳಪದರವೇ ಈ ಅನಿಲವನ್ನು ಹೆಚ್ಚಾಗಿ ತಯಾರಿಸುತ್ತದೆ.

ಪರೀಕ್ಷೆಗೆ ಸೂಜಿ ಇಲ್ಲ, ರಕ್ತ ಕೊಡಬೇಕಿಲ್ಲ. ಉಸಿರನ್ನು ಪೂರ್ತಿ ಎಳೆದುಕೊಂಡು ಯಂತ್ರದ ಕೊಳವೆಗೆ ಸುಮಾರು 10 ಸೆಕೆಂಡ್ ಒಂದೇ ಸಮನೆ, ನಿಧಾನವಾಗಿ ಊದಬೇಕು. ಬಲೂನು ಊದುವಂತೆ ಜೋರು ಬೇಡ. ಶಾಲೆಗೆ ಹೋಗುವ ಮಕ್ಕಳೂ, ಗರ್ಭಿಣಿಯರೂ ಮಾಡಿಸಿಕೊಳ್ಳಬಹುದು.

ಫಲಿತಾಂಶ ಹೇಳುವುದು ‘ಪಿಪಿಬಿ’ ಲೆಕ್ಕದಲ್ಲಿ, ಎಂದರೆ ನೂರು ಕೋಟಿಯಲ್ಲಿ ಎಷ್ಟು ಪಾಲು ಎಂದು. ದೊಡ್ಡವರಲ್ಲಿ 25ಕ್ಕಿಂತ ಕಡಿಮೆ ಇದ್ದರೆ ಕಡಿಮೆ, 50 ದಾಟಿದರೆ ಹೆಚ್ಚು. 12 ವರ್ಷದೊಳಗಿನ ಮಕ್ಕಳಿಗೆ ಇದೇ ಲೆಕ್ಕ 20 ಮತ್ತು 35. ನಡುವೆ ಬಂದರೆ ವೈದ್ಯರು ಉಳಿದ ಲಕ್ಷಣಗಳನ್ನು ನೋಡಿ ತೀರ್ಮಾನಿಸುತ್ತಾರೆ.

ಸಂಖ್ಯೆ ಏನು ಹೇಳುತ್ತೆ?

ದಿನವೂ ತೆಗೆದುಕೊಳ್ಳುವ ಸ್ಟೀರಾಯ್ಡ್ ಇನ್‌ಹೇಲರ್ ಈ ಊತವನ್ನು ಇಳಿಸುತ್ತದೆ, ಜೊತೆಗೆ ಸಂಖ್ಯೆಯೂ ಇಳಿಯುತ್ತದೆ. ಇಳಿಯದಿದ್ದರೆ? ಔಷಧಿ ತಪ್ಪುತ್ತಿರಬಹುದು, ಎಳೆದುಕೊಳ್ಳುವ ರೀತಿ ಸರಿಯಿಲ್ಲದಿರಬಹುದು, ಅಥವಾ ಮನೆಯ ಧೂಳು, ಜಿರಲೆ, ಸಾಕುಪ್ರಾಣಿಯಿಂದ ಅಲರ್ಜಿ ಮುಂದುವರಿದಿರಬಹುದು. ಹಾಗಾಗಿ ಸಂಖ್ಯೆ ಹೆಚ್ಚು ಬಂದರೆ ಮೊದಲು ನಿಮ್ಮ ಇನ್‌ಹೇಲರನ್ನೇ ತೆಗೆದುಕೊಂಡು ಹೋಗಿ, ವೈದ್ಯರ ಎದುರಿಗೇ ಎಳೆದು ತೋರಿಸಿ.

ಆಸ್ಟ್ರೇಲಿಯಾದಲ್ಲಿ 220 ಗರ್ಭಿಣಿಯರ ಮೇಲೆ ನಡೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಈ ಪರೀಕ್ಷೆಯನ್ನೂ ನೋಡಿ ಔಷಧಿ ಹೊಂದಿಸಿದವರಲ್ಲಿ ಆಸ್ತಮಾ ಕೆರಳುವುದು ಸುಮಾರು ಅರ್ಧಕ್ಕೆ ಇಳಿದಿತ್ತು.

ಇದೊಂದೇ ಸಾಲದು

ಸಂಖ್ಯೆ ಕಡಿಮೆ ಬಂತು ಅಂತ ಇನ್‌ಹೇಲರ್ ನಿಲ್ಲಿಸಬೇಡಿ! ಅದು ಕಡಿಮೆ ಬಂದಿರುವುದು ಇನ್‌ಹೇಲರಿನಿಂದಲೇ ಇರಬಹುದು. ಅಲರ್ಜಿಯಿಲ್ಲದ ಆಸ್ತಮಾದಲ್ಲೂ ಅದು ಕಡಿಮೆಯೇ ಇರಬಹುದು. ಆಸ್ತಮಾ ಇಲ್ಲದೆ ಬರೀ ಮೂಗಿನ ಅಲರ್ಜಿ ಇದ್ದವರಲ್ಲೂ ಹೆಚ್ಚಾಗಬಹುದು. ಆದ್ದರಿಂದ ಸ್ಪೈರೊಮೆಟ್ರಿ ಮತ್ತು ನಿಮ್ಮ ಲಕ್ಷಣಗಳ ಜೊತೆ ಸೇರಿಸಿಯೇ ಇದನ್ನು ನೋಡಬೇಕು.

ಪರೀಕ್ಷೆಗೆ ಮುನ್ನ

* ಒಂದು ಗಂಟೆ ಮೊದಲಿನಿಂದ ತಿಂಡಿ, ಕಾಫಿ ಏನೂ ಬೇಡ.

* ಅಂದು ಬೀಟ್‌ರೂಟ್ ಪಲ್ಯ, ಪಾಲಕ್ ಸೊಪ್ಪು ಬಿಡಿ. ಇವುಗಳಲ್ಲಿರುವ ನೈಟ್ರೇಟ್‌ನಿಂದ ಸಂಖ್ಯೆ ಏರುತ್ತದೆ.

* ನೆಗಡಿ ಇದ್ದರೆ ಹೇಳಿ. ಧೂಮಪಾನಿಗಳೂ ಮುಚ್ಚಿಡಬಾರದು, ಅದು ಸಂಖ್ಯೆಯನ್ನು ಇಳಿಸುತ್ತದೆ.

* ಸ್ಪೈರೊಮೆಟ್ರಿಯೂ ಇದ್ದರೆ ಫೀನೋ ಮೊದಲು ಆಗಲಿ.

* ವೈದ್ಯರು ಹೇಳದೆ ಇನ್‌ಹೇಲರ್ ಬಿಟ್ಟು ಹೋಗಬೇಡಿ.

ಮನೆಯಲ್ಲೇ ಕೇಳಿಕೊಳ್ಳಿ

ಈ ಯಂತ್ರ ಎಲ್ಲ ಕ್ಲಿನಿಕ್‌ಗಳಲ್ಲೂ ಇರುವುದಿಲ್ಲ. ಚಿಂತೆ ಬೇಡ. ಕಳೆದ ನಾಲ್ಕು ವಾರಗಳನ್ನು ನೆನಪಿಸಿಕೊಂಡು ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ:

1. ಹಗಲಲ್ಲಿ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಉಬ್ಬಸ ಬಂತೇ?

2. ಉಬ್ಬಸ, ಕೆಮ್ಮಿನಿಂದ ರಾತ್ರಿ ಎಚ್ಚರವಾಯಿತೇ?

3. ತಕ್ಷಣದ ಉಪಶಮನದ ಇನ್‌ಹೇಲರ್ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಯಿತೇ?

4. ಮೆಟ್ಟಿಲು ಹತ್ತುವುದು, ನೆಲ ಒರೆಸುವುದು ಇಂಥ ಕೆಲಸಕ್ಕೆ ಆಸ್ತಮಾ ಅಡ್ಡ ಬಂತೇ?

ಎಲ್ಲಕ್ಕೂ ‘ಇಲ್ಲ’ ಎಂದಾದರೆ ಹತೋಟಿಯಲ್ಲಿದೆ. ಒಂದಕ್ಕೆ ‘ಹೌದು’ ಬಂದರೂ ವೈದ್ಯರನ್ನು ಕಾಣಿ. ಮೂರು-ನಾಲ್ಕು ‘ಹೌದು’ ಆದರೆ ಹತೋಟಿ ತಪ್ಪಿದೆ ಎಂದೇ ಅರ್ಥ. ಇನ್ನು ಒಂದು ವಾಕ್ಯ ಪೂರ್ತಿ ಮಾತಾಡಲಾಗದಷ್ಟು ಉಬ್ಬಸ, ತುಟಿ ನೀಲಿಗಟ್ಟಿದರೆ ಯಾವ ಪರೀಕ್ಷೆಗೂ ಕಾಯದೆ ಆಸ್ಪತ್ರೆಗೆ ಧಾವಿಸಿ.

“ಪಂಪು ಅಭ್ಯಾಸ ಆಗಿಬಿಡುತ್ತೆ” ಎಂಬ ಭಯ ಬಿಡಿ. ಅದರಲ್ಲಿರುವ ಸ್ಟೀರಾಯ್ಡ್ ಮೈಕ್ರೋಗ್ರಾಂ ಲೆಕ್ಕದ್ದು, ಮಾತ್ರೆಯದ್ದು ಮಿಲಿಗ್ರಾಂ ಲೆಕ್ಕ. ಒಂದು ಮಿಲಿಗ್ರಾಂ ಎಂದರೆ 1000 ಮೈಕ್ರೋಗ್ರಾಂ! ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಿಹುಣ್ಣಿನ ಕಾಟವೂ ಕಡಿಮೆ. “ಮಗಳ ಮದುವೆ ಮಾತುಕತೆ ನಡೀತಿದೆ, ನಾಲ್ಕು ಜನಕ್ಕೆ ಗೊತ್ತಾದರೆ?” ಎಂದು ಅವಳ ಇನ್‌ಹೇಲರ್ ಬಚ್ಚಿಡುವ ಅಮ್ಮಂದಿರೂ ಯೋಚಿಸಬೇಕು. ಬಚ್ಚಿಟ್ಟಷ್ಟೂ ಒಳಗಿನ ಕೆಂಡ ಕೆದರುತ್ತದೆ. ಮನೆಯವರೆಲ್ಲರ ಔಷಧಿ ನೆನಪಿಟ್ಟು ಕೊಡುವ ನೀವು, ನಿಮ್ಮದನ್ನೂ ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲೇ ಇಟ್ಟುಕೊಳ್ಳಿ. ಬೆಳಿಗ್ಗೆ, ರಾತ್ರಿ ಮರೆಯೋ ಮಾತೇ ಇಲ್ಲ.